ಎಸ್3 ಬೈಯಿತೇ, ಸುಮ್ಮನಿತ್ತೇ?

ಅಮೆಜಾನ್‌ನ ಎಸ್3 ಎಂಬ ಅಂತರಜಾಲ ಸಂಗ್ರಹಕ್ಕೆ ಫೈಲು ಏರಿಸಲು ಹೋಗಿ ಸೋತವರು ಹೇಳುವುದು ಸಾಮಾನ್ಯವಾಗಿ ಒಂದೇ ಮಾತು: ‘ಕನೆಕ್ಟ್ ಆಗುತ್ತಿಲ್ಲ.’ ನಾನೂ ಹಾಗೆಯೇ ಹೇಳುತ್ತಿದ್ದೆ. ವೈದ್ಯರ ಮುಂದೆ ಕುಳಿತು ‘ಹುಷಾರಿಲ್ಲ’ ಎಂದಷ್ಟೇ ಹೇಳಿದ ಹಾಗೆ ಅದು. ಈಗ ಪರದೆಯ ಮೇಲೆ ಬಂದ ಸಂದೇಶವನ್ನು ಒಂದಕ್ಷರ ಬಿಡದೆ ಓದಿ, ಮೊದಲು ಕೇಳಿಕೊಳ್ಳುವುದು ಇಷ್ಟೇ: ಈ ಮಾತು ಆಡಿದ್ದು ಯಾರು? ಎಸ್3 ತಾನೇ ಬೈದಿದೆಯೇ, ಅಥವಾ ಎಸ್3 ಸಿಗದೆ ನಮ್ಮ ಗಣಕವೇ ಗೊಣಗುತ್ತಿದೆಯೇ?

403 ಎಂಬ ಸಂಖ್ಯೆ ಕಂಡ ಕೂಡಲೇ ವೈಫೈ ರೂಟರ್ ಆರಿಸಿ ಮತ್ತೆ ಹಾಕುವವರನ್ನು ನೋಡಿದ್ದೇನೆ. ಅದು ದಂಡದ ಕೆಲಸ. 403 ಬಂದಿದೆ ಎಂದರೆ ಡಿಎನ್‌ಎಸ್ ವಿಳಾಸ ಹುಡುಕಿಕೊಟ್ಟಿದೆ, ಸುರಕ್ಷಿತ ಸಂಪರ್ಕದ ಬಾಗಿಲಾದ 443ನೇ ಪೋರ್ಟ್ ತೆರೆದಿದೆ, ಆ ಸಂಪರ್ಕವನ್ನು ಗೂಢವಾಗಿಡುವ ಟಿಎಲ್‌ಎಸ್ ಪ್ರಮಾಣಪತ್ರ ಒಪ್ಪಿಗೆಯಾಗಿದೆ, ನಮ್ಮ ಕೋರಿಕೆ ಒಳಗೆ ಹೋಗಿ ‘ನಿನಗೆ ಅನುಮತಿ ಇಲ್ಲ’ ಎಂಬ ಉತ್ತರ ಹೊತ್ತು ಮರಳಿದೆ. ಜಾಲ ತನ್ನ ಪಾಲಿನ ಕೆಲಸ ಮುಗಿಸಿಯಾಗಿದೆ. ಒಂದು ಎಚ್ಚರಿಕೆ: ಕಚೇರಿಯ ಪ್ರಾಕ್ಸಿಯೂ (ನಮ್ಮ ಪರವಾಗಿ ಹೊರಜಾಲಕ್ಕೆ ಹೋಗುವ ಮಧ್ಯವರ್ತಿ) 403 ಎನ್ನಬಲ್ಲದು. ಎಸ್3 ಕೊಟ್ಟ ಉತ್ತರವಾದರೆ ಅದರೊಳಗೆ ರಿಕ್ವೆಸ್ಟ್ ಐಡಿ ಎಂಬ ಉದ್ದನೆಯ ಗುರುತು ಇರುತ್ತದೆ.

ಇದನ್ನೇ ಪರೀಕ್ಷೆಯಾಗಿ ಬಳಸಬಹುದು. ಖಾಸಗಿ ಬಕೆಟ್ಟಿನ (ಎಸ್3ರಲ್ಲಿ ಫೈಲುಗಳನ್ನಿಡುವ ಡಬ್ಬಿಯ) ವಿಳಾಸಕ್ಕೆ, ಗುರುತು ತೋರಿಸುವ ಯಾವ ಕೀಲಿಯನ್ನೂ ಕೊಡದೆ, ಕರ್ಲ್ ಆದೇಶದಿಂದ ಒಂದು ಕೋರಿಕೆ ಕಳುಹಿಸಿ. 403 ಬಂದರೆ ದಾರಿ ಸರಿಯಿದೆ. ಆ ಕಡೆಯ ಯಂತ್ರ ಓಗೊಡುತ್ತದೆಯೇ ಎಂದು ನೋಡುವ ಪಿಂಗ್ ಅನ್ನು ಮಾತ್ರ ನೆಚ್ಚಿಕೊಳ್ಳಬೇಡಿ. ಎಷ್ಟೋ ಕಡೆ ಪಿಂಗ್ ತಡೆದಿರುತ್ತಾರೆ, 443 ಆರಾಮವಾಗಿ ಓಡಾಡುತ್ತಿರುತ್ತದೆ.

ಇನ್ನು ಉತ್ತರವೇ ಬಾರದ ಸಂದರ್ಭ. ಇಲ್ಲಿಯೂ ಎಲ್ಲ ಮೌನ ಒಂದೇ ಅಲ್ಲ. ‘ಕನೆಕ್ಷನ್ ರೆಫ್ಯೂಸ್ಡ್’ ಎಂದು ತಕ್ಷಣ ಬಂದರೆ ಯಾರೋ ಬಾಗಿಲ ಬಳಿ ಇದ್ದು ಕದ ಮುಚ್ಚಿದ್ದಾರೆ. ಬಹಳ ಸಲ ಅದು ಪ್ರಾಕ್ಸಿಯ ತಪ್ಪು ವಿಳಾಸ. ಒಂದು ನಿಮಿಷ ಕಾಯಿಸಿ ‘ಟೈಮ್‌ಔಟ್’ ಎಂದರೆ ನಮ್ಮ ಪ್ಯಾಕೆಟ್ಟುಗಳನ್ನು ದಾರಿಯಲ್ಲಿ ಯಾರೋ ಸದ್ದಿಲ್ಲದೆ ಎತ್ತಿಹಾಕುತ್ತಿದ್ದಾರೆ: ಫೈರ್‌ವಾಲ್, ಅಮೆಜಾನ್ ಸರ್ವರಿನ ಕಾವಲು ನಿಯಮಗಳಾದ ಸೆಕ್ಯುರಿಟಿ ಗ್ರೂಪ್, ಇಲ್ಲವೇ ಹೊರದಾರಿಯೇ ಇಲ್ಲದ ಜಾಲದ ತುಂಡು, ಅಂದರೆ ಖಾಸಗಿ ಸಬ್‌ನೆಟ್. ಅಮೆಜಾನ್‌ನದೇ ಸರ್ವರಿನಿಂದ ಅಮೆಜಾನ್‌ನದೇ ಸಂಗ್ರಹ ಸಿಗದಿದ್ದರೆ ನಾನು ಮೊದಲು ಸಂಶಯಿಸುವುದು ಈ ಕೊನೆಯದನ್ನು. ಅದಕ್ಕೆ ನ್ಯಾಟ್ (ಖಾಸಗಿ ಯಂತ್ರಗಳನ್ನು ಹೊರಜಾಲಕ್ಕೆ ದಾಟಿಸುವ ಸೇವೆ) ಬೇಕು, ಅಥವಾ ಎಸ್3ಗೆಂದೇ ಒಳದಾರಿಯಾಗಿ ಇರುವ ಗೇಟ್‌ವೇ ಎಂಡ್‌ಪಾಯಿಂಟ್ ಬೇಕು. ಎರಡನೆಯದಕ್ಕೆ ಪ್ರತ್ಯೇಕ ಶುಲ್ಕವಿಲ್ಲ. ಆದರೆ ಅದನ್ನು ದಾರಿಗಳ ಪಟ್ಟಿಯಾದ ರೂಟ್ ಟೇಬಲ್ಲಿಗೆ ಸೇರಿಸಲು ಮರೆತರೆ ಇದ್ದೂ ಇಲ್ಲದಂತೆ.

ಜಾಲದ ವೇಷ ಹಾಕಿ ಬರುವ ಒಂದು ತಪ್ಪಿದೆ, ಅದರಲ್ಲಿ ನಾನು ಅರ್ಧ ದಿನ ಕಳೆದಿದ್ದೇನೆ. ಅಮೆಜಾನ್ ದತ್ತಾಂಶ ಕೇಂದ್ರಗಳ ಮುಂಬೈ ಪ್ರಾಂತ್ಯದ ಸಂಕೇತ ‘ಎಪಿ-ಸೌತ್-1’. ನಾನು ಸಂರಚನೆಯಲ್ಲಿ ‘ಎಪಿ-ಸೌತ್-1ಎ’ ಎಂದು ಬರೆದಿದ್ದೆ. ಕೊನೆಯ ‘ಎ’ ಸೇರಿದರೆ ಅದು ಪ್ರಾಂತ್ಯವಲ್ಲ, ಪ್ರಾಂತ್ಯದೊಳಗಿನ ಒಂದು ವಲಯ. ಆ ಹೆಸರಿನ ಎಸ್3 ವಿಳಾಸವೇ ಜಗತ್ತಿನಲ್ಲಿ ಇಲ್ಲ. ಆದೇಶ ಹೇಳಿದ್ದು ‘ಎಂಡ್‌ಪಾಯಿಂಟ್‌ಗೆ ಸಂಪರ್ಕ ಸಾಧ್ಯವಾಗಲಿಲ್ಲ’ ಎಂದು. ನಾನು ಕೇಬಲ್ ಕಿತ್ತು ಚುಚ್ಚುತ್ತಾ ಕುಳಿತಿದ್ದೆ. ಸಂದೇಶದ ಬಾಲದಲ್ಲೇ ಪೂರ್ತಿ ವಿಳಾಸ ಅಚ್ಚಾಗಿತ್ತು, ಓದಿರಲಿಲ್ಲ.

ಪ್ರಾಂತ್ಯದ ಮಾತು ಬಂದದ್ದರಿಂದ ಇನ್ನೊಂದು ವಿಷಯ. 2014ರ ಜನವರಿಯ ನಂತರ ಶುರುವಾದ ಪ್ರಾಂತ್ಯಗಳು ಕೋರಿಕೆ ನಮ್ಮದೇ ಎಂದು ಕೀಲಿಯಿಂದ ಹಾಕುವ ಸಹಿಯ ನಾಲ್ಕನೇ ಆವೃತ್ತಿಯನ್ನು ಮಾತ್ರ ಒಪ್ಪುತ್ತವೆ. ಮುಂಬೈ ಶುರುವಾದದ್ದು 2016ರಲ್ಲಿ. ಹಾಗಾಗಿ ಅಮೆರಿಕದ ಹಳೆಯ ಬಕೆಟ್ಟಿಗೆ ಸಲೀಸಾಗಿ ಹೋಗುತ್ತಿದ್ದ ಹಳೆಯ ಬ್ಯಾಕಪ್ ತಂತ್ರಾಂಶ ಮುಂಬೈ ಬಕೆಟ್ಟಿನ ಮುಂದೆ ತಡವರಿಸಬಹುದು.

ಗಡಿಯಾರದ ಕಾಟ

ಈ ವಿಷಯವನ್ನು ಪರೀಕ್ಷೆಗೆಂದು ಓದುವವರು ಗಡಿಯಾರದ ಭಾಗವನ್ನು ಹಾರಿಸಿಬಿಡುತ್ತಾರೆ. ನನಗೆ ಅತಿ ಹೆಚ್ಚು ಕಲಿಸಿದ್ದು ಇದೇ.

ನಾವು ಕಳುಹಿಸುವ ಪ್ರತಿ ಕೋರಿಕೆಯ ಮೇಲೆ ಸಮಯ ನಮೂದಾಗಿರುತ್ತದೆ, ಸಹಿಯ ಲೆಕ್ಕದಲ್ಲಿ ಆ ಸಮಯವೂ ಸೇರಿರುತ್ತದೆ. ನಡುದಾರಿಯಲ್ಲಿ ಕದ್ದವರು ನಾಳೆ ಅದನ್ನೇ ಮತ್ತೆ ಕಳುಹಿಸಬಾರದಲ್ಲ! ನಮ್ಮ ಗಡಿಯಾರಕ್ಕೂ ಎಸ್3ರ ಗಡಿಯಾರಕ್ಕೂ 15 ನಿಮಿಷ ಮೀರಿದ ಅಂತರವಿದ್ದರೆ ಕೋರಿಕೆ ತಿರಸ್ಕೃತವಾಗುತ್ತದೆ, ಅದೂ 403 ಆಗಿ. ಕೀಲಿ ಸರಿ, ಅನುಮತಿ ಸರಿ, ಆದರೂ 403.

ಮನೆಯ ಡೆಸ್ಕ್‌ಟಾಪಿನಲ್ಲಿ ವಿಂಡೋಸ್, ಲಿನಕ್ಸ್ ಎರಡೂ ಇದ್ದವು. ವಿಂಡೋಸ್‌ನಲ್ಲಿ ಏರುತ್ತಿದ್ದ ಫೈಲು ಲಿನಕ್ಸ್‌ನಲ್ಲಿ ಏರುತ್ತಿರಲಿಲ್ಲ. ದೋಷದ ಉತ್ತರವನ್ನು ಪೂರ್ತಿ ತೆರೆದು ನೋಡಿದಾಗ ಅಲ್ಲಿ ಎರಡು ಸಮಯ ಒಂದರ ಕೆಳಗೊಂದು ಕುಳಿತಿದ್ದವು: ನಾನು ಕಳುಹಿಸಿದ ಸಮಯ, ಸರ್ವರಿನ ಸಮಯ. ಅವುಗಳ ಕೆಳಗೆ ಅನುಮತಿಸಿದ ಅಂತರ, 900000 ಮಿಲಿಸೆಕೆಂಡ್. ಎರಡು ಸಮಯಗಳನ್ನು ಕಳೆದರೆ ಸರಿಯಾಗಿ ಐದೂವರೆ ಗಂಟೆ. ಭಾರತದಲ್ಲಿ ಕುಳಿತವನಿಗೆ ಈ ಅಂಕಿ ಸಾಕು! ವಿಂಡೋಸ್ ಯಂತ್ರದ ಗಡಿಯಾರದಲ್ಲಿ ನಮ್ಮ ಸ್ಥಳೀಯ ಸಮಯ ಬರೆದಿಡುತ್ತದೆ. ಲಿನಕ್ಸ್ ಅದನ್ನೇ ಯುಟಿಸಿ (ಜಾಗತಿಕ ಪ್ರಮಾಣ ಸಮಯ) ಎಂದುಕೊಂಡು ಮೇಲೆ ಇನ್ನೊಂದು ಐದೂವರೆ ಗಂಟೆ ಕೂಡಿಸುತ್ತದೆ. ಬೆಳಿಗ್ಗೆ ಹತ್ತಕ್ಕೆ ನನ್ನ ಲಿನಕ್ಸ್ ಮಧ್ಯಾಹ್ನ ಮೂರೂವರೆ ಎನ್ನುತ್ತಿತ್ತು, ನಾನು ಪರದೆಯ ಮೂಲೆ ನೋಡಿಯೇ ಇರಲಿಲ್ಲ. ಜಾಲದಿಂದ ಸಮಯ ಹೊಂದಿಸಿಕೊಳ್ಳುವ ಸೇವೆಯನ್ನು ಹಿಂದೆ ಯಾವಾಗಲೋ ನಾನೇ ನಿಲ್ಲಿಸಿದ್ದೆ. ಅದನ್ನು ಮತ್ತೆ ಶುರು ಮಾಡಿದೆ, ಫೈಲು ಏರಿತು.

ಗಮನಿಸಿ: ಗಡಿಯಾರ ಗಂಟೆಗಟ್ಟಲೆ ತಪ್ಪಿದರೆ ಸಹಿ ಕೆಡುತ್ತದೆ, ಟಿಎಲ್‌ಎಸ್‌ಗೆ ಏನೂ ಆಗುವುದಿಲ್ಲ. ಮದರ್‌ಬೋರ್ಡಿನ ಬ್ಯಾಟರಿ ಸತ್ತು ವರ್ಷಗಟ್ಟಲೆ ಹಿಂದೆ ಹೋದರೆ ‘ಪ್ರಮಾಣಪತ್ರ ಇನ್ನೂ ಜಾರಿಗೆ ಬಂದಿಲ್ಲ’ ಎಂಬ ಬೇರೆಯೇ ದೂರು ಬರುತ್ತದೆ. ರೋಗ ಒಂದೇ, ಲಕ್ಷಣ ಎರಡು.

ಇಲ್ಲದ ಫೈಲಿಗೂ 403

ಫೈಲಿನ ಹೆಸರಲ್ಲಿ ಒಂದು ಅಕ್ಷರ ತಪ್ಪಾದರೆ 404, ಅಂದರೆ ‘ಸಿಗಲಿಲ್ಲ’ ಎಂಬ ಉತ್ತರ, ಬರಬೇಕು ಎಂದು ನಾವು ನಿರೀಕ್ಷಿಸುತ್ತೇವೆ. ಆದರೆ ಬಕೆಟ್ಟಿನ ಪಟ್ಟಿ ನೋಡುವ ಅನುಮತಿ ನಮಗಿಲ್ಲದಿದ್ದರೆ ಎಸ್3 ಅಲ್ಲಿಯೂ 403 ಎನ್ನುತ್ತದೆ. ಇದೆ, ಇಲ್ಲ ಎಂದು ಹೇಳಿದರೂ ಅದು ಮಾಹಿತಿಯೇ, ಹೊರಗಿನವರು ಹೆಸರು ಊಹಿಸುತ್ತಾ ಕೂರಬಾರದು. ಹಾಗಾಗಿ ಅನುಮತಿಯ ನೀತಿಯನ್ನು ತಿದ್ದಿ ತಿದ್ದಿ ಸುಸ್ತಾಗುವ ಮೊದಲು ಫೈಲಿನ ಹೆಸರನ್ನು ಇನ್ನೊಮ್ಮೆ ಓದಿ. ದೊಡ್ಡಕ್ಷರ, ಚಿಕ್ಕಕ್ಷರ ಎಸ್3ಗೆ ಬೇರೆ ಬೇರೆ.

ಉಳಿದವು ಚುಟುಕಾಗಿ. ಚಿಕ್ಕ ಫೈಲು ಹೋಗಿ ದೊಡ್ಡದು ನಡುವೆ ನೇತಾಡುತ್ತಿದ್ದರೆ, ವಿಪಿಎನ್ ಇದ್ದರಂತೂ, ಎಂಟಿಯು (ಒಂದು ಪ್ಯಾಕೆಟ್ಟಿನ ಗರಿಷ್ಠ ಗಾತ್ರ) ಅಂಕಿಯನ್ನು 1500ರಿಂದ ಇಳಿಸಿ ನೋಡಿ. ಬಕೆಟ್ ಹೆಸರಲ್ಲಿ ಚುಕ್ಕೆಗಳಿದ್ದರೆ ಪ್ರಮಾಣಪತ್ರದ ದೋಷ ಬರಬಹುದು, ಪ್ರಮಾಣಪತ್ರದಲ್ಲಿರುವ ನಕ್ಷತ್ರ ಚಿಹ್ನೆ ನಡುವೆ ಚುಕ್ಕೆಯಿಲ್ಲದ ಒಂದೇ ತುಂಡಿನ ಹೆಸರನ್ನು ಮಾತ್ರ ಒಪ್ಪುತ್ತದೆ. 503 ಜೊತೆ ‘ಸ್ಲೋ ಡೌನ್’ ಎಂದರೆ ಅದು ಅಕ್ಷರಶಃ ಅದೇ ಅರ್ಥ. ಪ್ರತಿ ಸಲ ದುಪ್ಪಟ್ಟು ಕಾದು, ಕಾಯುವ ಸಮಯವನ್ನು ಸ್ವಲ್ಪ ಹೆಚ್ಚುಕಡಿಮೆ ಮಾಡಿ, ಮತ್ತೆ ಯತ್ನಿಸಬೇಕು.

ತಪ್ಪು ನಿಜವಾಗಿಯೂ ಅವರದೇ ಆಗಿರುವ ದಿನವೂ ಬರುತ್ತದೆ, ಅಪರೂಪಕ್ಕೆ. 2017ರ ಫೆಬ್ರುವರಿ 28ರಂದು ಉತ್ತರ ವರ್ಜೀನಿಯಾದಲ್ಲಿ, ಎಸ್3ರ ಬಿಲ್ಲಿಂಗ್ ವ್ಯವಸ್ಥೆಯ ದೋಷ ಹುಡುಕುತ್ತಿದ್ದ ಉದ್ಯೋಗಿಯೊಬ್ಬರು ಆದೇಶವೊಂದನ್ನು ತಪ್ಪಾಗಿ ಕೊಟ್ಟರು. ಕೆಲವೇ ಸರ್ವರುಗಳು ಹೋಗಬೇಕಿದ್ದಲ್ಲಿ ಹೆಚ್ಚು ಹೋದವು, ಸೇವೆ ಸುಮಾರು ನಾಲ್ಕು ಗಂಟೆ ಮಲಗಿತು. ಜನ ‘ನಮ್ಮ ಕಡೆಯ ತೊಂದರೆಯೇ?’ ಎಂದು ಅಮೆಜಾನ್‌ನ ಸ್ಥಿತಿ ಫಲಕ ನೋಡಿದರೆ ಆರಂಭದ ಸುಮಾರು ಎರಡು ಗಂಟೆ ಅದನ್ನು ನವೀಕರಿಸಲಾಗಿರಲಿಲ್ಲ. ಆ ಫಲಕವನ್ನು ನಿರ್ವಹಿಸುವ ವ್ಯವಸ್ಥೆಯೂ ಅದೇ ಎಸ್3 ಮೇಲೆ ನಿಂತಿತ್ತು.