ಐದು ವರ್ಷಕ್ಕೆಂದು ಕರೆದರು

2025ರ ಮೇ 7ರ ಬೆಳಿಗ್ಗೆ ಟಿ.ವಿ. ಹಾಕಿದವರಿಗೆಲ್ಲ ಕಂಡವರು ಸಮವಸ್ತ್ರದ ಇಬ್ಬರು ಹೆಣ್ಣುಮಕ್ಕಳು. ವಿದೇಶಾಂಗ ಕಾರ್ಯದರ್ಶಿಯ ಜೊತೆ ಕೂತು ಆಪರೇಷನ್ ಸಿಂಧೂರದ ವಿವರ ಕೊಟ್ಟ ಕರ್ನಲ್ ಸೋಫಿಯಾ ಖುರೇಷಿ ಮತ್ತು ವಿಂಗ್ ಕಮಾಂಡರ್ ವ್ಯೋಮಿಕಾ ಸಿಂಗ್. ಸೋಫಿಯಾ ಗೋಕಾಕ ತಾಲ್ಲೂಕಿನ ಕೊಣ್ಣೂರಿನ ಸೊಸೆ ಎಂದು ಗೊತ್ತಾದದ್ದೇ ತಡ, ಕನ್ನಡ ಚಾನೆಲ್ಲುಗಳ ಕ್ಯಾಮೆರಾಗಳು ಆ ಊರಿನತ್ತ ತಿರುಗಿದವು. ಎರಡೇ ದಿನಕ್ಕೆ, ಮೇ 9ರಂದು, ಸೇನೆಯ ಬೇರೆ ಕೆಲವು ಮಹಿಳಾ ಅಧಿಕಾರಿಗಳ ಅರ್ಜಿ ಸುಪ್ರೀಂ ಕೋರ್ಟಿನ ಮುಂದೆ ಬಂತು. ಅವರ ಬೇಡಿಕೆ ಇಷ್ಟೆ: ನಮ್ಮನ್ನು ಕೆಲಸದಿಂದ ಕಳಿಸಬೇಡಿ. ಮುಂದಿನ ವಿಚಾರಣೆಯವರೆಗೆ ಅವರನ್ನು ಬಿಡುಗಡೆ ಮಾಡಕೂಡದು ಎಂದು ಕೋರ್ಟು ಹೇಳಿತು.

ಸೇನೆಯ ಹೆಂಗಸರ ಕತೆಯನ್ನು ನಾವು ಯಾವಾಗಲೂ ‘ಮೊದಲಿಗರ’ ಪಟ್ಟಿಯಾಗಿ ಓದುತ್ತೇವೆ. ಮೊದಲ ಪೈಲಟ್, ಮೊದಲ ಜನರಲ್, ಸಿಯಾಚಿನ್ ಹತ್ತಿದ ಮೊದಲಿಗಳು. ಬಂದವರು ಎಷ್ಟು ವರ್ಷ ಇರಬಹುದು ಎಂಬ ಲೆಕ್ಕ ಆ ಪಟ್ಟಿಯಲ್ಲಿ ಸಿಗುವುದಿಲ್ಲ. ಜಗಳವೆಲ್ಲ ನಡೆದದ್ದು ಅದರ ಮೇಲೆಯೇ.

ಕಾನೂನಿನಿಂದ ಶುರುಮಾಡೋಣ. 1950ರ ಸೇನಾ ಕಾಯ್ದೆಯ 12ನೇ ಸೆಕ್ಷನ್ನು ಹೆಂಗಸರು ಸೇನೆಗೆ ಸೇರಲು ಅರ್ಹರಲ್ಲ ಎನ್ನುತ್ತದೆ, ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿ ಹೆಸರಿಸಿದ ದಳ, ಇಲಾಖೆಗಳ ಹೊರತು. ಆ ‘ಹೊರತು’ ಎಂಬ ಕಿಂಡಿಯಿಂದಲೇ ಇಷ್ಟು ದಿನ ಎಲ್ಲರೂ ಒಳಗೆ ಬಂದದ್ದು. ಸೆಕ್ಷನ್ನು ಇವತ್ತಿಗೂ ಹಾಗೇ ಇದೆ.

ಹಾಗೆಂದು ಅದಕ್ಕೆ ಮೊದಲು ಹೆಂಗಸರು ಇರಲಿಲ್ಲವೆಂದಲ್ಲ. 1888ರಲ್ಲಿ ಬ್ರಿಟಿಷ್ ಸೈನಿಕರ ಆರೈಕೆಗೆ ಹತ್ತು ಮಂದಿ ನರ್ಸ್‌ಗಳು ಮುಂಬಯಿಗೆ ಬಂದಿಳಿದರು. ಎರಡನೇ ಮಹಾಯುದ್ಧದಲ್ಲಿ ಕಚೇರಿ, ಸಂದೇಶ ರವಾನೆಯಂಥ ಕೆಲಸಕ್ಕೆ ಮಹಿಳಾ ಸಹಾಯಕ ದಳ ಕಟ್ಟಿದರು, ಯುದ್ಧ ಮುಗಿದ ಮೇಲೆ ಮುಚ್ಚಿದರು. ಅತ್ತ ಸಿಂಗಪುರದಲ್ಲಿ ನೇತಾಜಿಯ ಆಜಾದ್ ಹಿಂದ್ ಫೌಜಿನ ಕ್ಯಾಪ್ಟನ್ ಲಕ್ಷ್ಮಿಯವರ ರಾಣಿ ಝಾನ್ಸಿ ರೆಜಿಮೆಂಟು ಹೆಂಗಸರ ಕೈಗೆ ಬಂದೂಕನ್ನೇ ಕೊಟ್ಟಿತ್ತು. ಸ್ವಾತಂತ್ರ್ಯ ಬಂದ ಮೇಲೆ ಉಳಿದದ್ದು ನರ್ಸಿಂಗ್ ಸೇವೆ, ಆಮೇಲೆ ವೈದ್ಯಕೀಯ ದಳದ ಡಾಕ್ಟರುಗಳು.

ನರ್ಸಿಂಗ್ ಸೇವೆಯಲ್ಲೂ ಇರುವಿಕೆಗೆ ಷರತ್ತುಗಳಿದ್ದವು. ಕಾಯಂ ಕಮಿಷನ್ (ನಿವೃತ್ತಿಯವರೆಗೂ ಅಧಿಕಾರಿಯಾಗಿರುವ ನೇಮಕ) ಪಡೆದಿದ್ದ ಸೆಲಿನಾ ಜಾನ್ ಎಂಬ ನರ್ಸಿಂಗ್ ಅಧಿಕಾರಿಯನ್ನು 1988ರಲ್ಲಿ ಕೆಲಸದಿಂದ ತೆಗೆದರು. ಆಕೆ ಮಾಡಿದ ತಪ್ಪೆಂದರೆ ಮದುವೆಯಾದದ್ದು. 1977ರ ಒಂದು ಸೇನಾ ಸೂಚನೆಯಲ್ಲಿ ಹಾಗೆಂದು ಬರೆದಿತ್ತು, ಅದೂ ನರ್ಸಿಂಗ್ ಸೇವೆಯ ಹೆಂಗಸರಿಗೆ ಮಾತ್ರ. 1995ರಲ್ಲಿ ಆ ಸೂಚನೆಯನ್ನು ಹಿಂತೆಗೆದರು. ಕಳೆದುಕೊಂಡವರ ಕತೆ ಮಾತ್ರ 2024ರ ಫೆಬ್ರುವರಿವರೆಗೆ ಎಳೆಯಿತು. ಆಗ ಸುಪ್ರೀಂ ಕೋರ್ಟು 60 ಲಕ್ಷ ರೂಪಾಯಿ ಪರಿಹಾರ ಕೊಡಲು ಹೇಳಿತು. ಮೂವತ್ತಾರು ವರ್ಷ. ಅಷ್ಟರಲ್ಲಿ ಒಂದು ಇಡೀ ನೌಕರಿ ಮುಗಿದುಹೋಗುತ್ತದೆ.

ದೊಡ್ಡ ಬದಲಾವಣೆ ಬಂದದ್ದು 1992ರ ಜನವರಿ 30ರ ಅಧಿಸೂಚನೆಯಿಂದ. ಅಂಚೆ, ಕಾನೂನು, ಶಿಕ್ಷಣ, ಆರ್ಡ್‌ನೆನ್ಸ್ (ಶಸ್ತ್ರಾಸ್ತ್ರ ದಾಸ್ತಾನು), ಸರಬರಾಜು ವಿಭಾಗಗಳಿಗೆ ಮಹಿಳಾ ಅಧಿಕಾರಿಗಳನ್ನು ತೆಗೆದುಕೊಳ್ಳಬಹುದು ಎಂದಾಯಿತು. ವರ್ಷ ಮುಗಿಯುವುದರೊಳಗೆ ಸಿಗ್ನಲ್ಸ್, ಎಂಜಿನಿಯರ್ಸ್‌ನಂಥ ಇನ್ನಷ್ಟು ದಳಗಳು ಸೇರಿದವು. ಸೇನೆಗೆ ಸೇರುತ್ತೇನೆಂದು ಸೇನಾ ಮುಖ್ಯಸ್ಥರಿಗೇ ಕಾಗದ ಬರೆದಿದ್ದ ಶಿಮ್ಲಾದ ಪ್ರಿಯಾ ಝಿಂಗನ್, ಚೆನ್ನೈ ತರಬೇತಿ ಅಕಾಡೆಮಿಯ ಮೊದಲ ಮಹಿಳಾ ಕೆಡೆಟ್ ಆದರು. ಅವರೂ ಸೇರಿ 25 ಮಂದಿ 1993ರ ಮಾರ್ಚ್‌ನಲ್ಲಿ ಕಮಿಷನ್ ಪಡೆದರು.

ಕರೆದದ್ದು ಐದು ವರ್ಷಕ್ಕೆ. ಐದು ಹತ್ತಾಯಿತು, ಹತ್ತು ಹದಿನಾಲ್ಕಾಯಿತು, ಅಲ್ಲಿಗೆ ನಿಂತಿತು. ಅಧಿಕಾರಿಗೆ ಪಿಂಚಣಿ ಸಿಗಬೇಕಾದರೆ 20 ವರ್ಷದ ಸೇವೆ ಆಗಬೇಕು. ಹಾಗಾಗಿ ಹದಿನಾಲ್ಕು ವರ್ಷ ದುಡಿದು, ಮೂವತ್ತರ ಕೊನೆಯಲ್ಲಿ ಲೆಫ್ಟಿನೆಂಟ್ ಕರ್ನಲ್ ಆಗಿ, ಪಿಂಚಣಿಯಿಲ್ಲದೆ ಮನೆಗೆ. ಹೀಗೆ ಅಲ್ಪಾವಧಿಗೆ ಸೇರಿದ ಗಂಡಸರು ಕಾಯಂ ಕಮಿಷನ್ ಕೇಳಬಹುದಿತ್ತು. ಹೆಂಗಸರು ಕೇಳುವಂತೆಯೇ ಇರಲಿಲ್ಲ.

2003ರಲ್ಲಿ ಇದನ್ನು ದೆಹಲಿ ಹೈಕೋರ್ಟಿಗೆ ಒಯ್ದ ಬಬಿತಾ ಪೂನಿಯಾ ಸೇನೆಯವರಲ್ಲ, ವಕೀಲೆ. ಅಧಿಕಾರಿಗಳು ಆಮೇಲೆ ಜೊತೆಗೂಡಿದರು. 2010ರ ಮಾರ್ಚ್‌ನಲ್ಲಿ ಗೆದ್ದರು. ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. ಆ ತೀರ್ಪಿಗೆ ತಡೆಯಾಜ್ಞೆ ಇಲ್ಲ ಎಂದು 2011ರಲ್ಲಿ ಕೋರ್ಟು ಸ್ಪಷ್ಟವಾಗಿ ಹೇಳಿದರೂ ತೀರ್ಪು ಕಡತದಲ್ಲೇ ಮಲಗಿತ್ತು. ಕೊನೆಗೆ 2020ರ ಫೆಬ್ರುವರಿ 17ರಂದು ನ್ಯಾಯಮೂರ್ತಿ ಚಂದ್ರಚೂಡ್ ಅವರ ಪೀಠ ಕಾಯಂ ಕಮಿಷನ್ ಕೊಡಲೇಬೇಕೆಂದಿತು. ಸೈನಿಕರಲ್ಲಿ ಹೆಚ್ಚಿನವರು ಹಳ್ಳಿಯಿಂದ ಬಂದವರು, ಹೆಂಗಸಿನ ಆದೇಶ ಪಾಲಿಸಲು ಅವರ ಮನಸ್ಸು ಇನ್ನೂ ಹದಗೊಂಡಿಲ್ಲ ಎಂದು ಸರ್ಕಾರ ಲಿಖಿತವಾಗಿ ವಾದಿಸಿತ್ತು. ಅವ್ವನ ಮಾತಿಗೆ ಎದುರಾಡದೆ ಬೆಳೆದ ಹಳ್ಳಿ ಹುಡುಗರ ತಲೆಗೆ ಇದನ್ನು ಕಟ್ಟಿದ್ದು ಯಾಕೋ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಕೋರ್ಟು ಆ ವಾದವನ್ನು ತಳ್ಳಿಹಾಕಿತು. ಮಹಿಳಾ ಅಧಿಕಾರಿಗಳ ಸಾಧನೆಗಳನ್ನು ತೀರ್ಪಿನಲ್ಲಿ ಬರೆಯುವಾಗ ಸೋಫಿಯಾ ಖುರೇಷಿಯವರ ಹೆಸರನ್ನೂ ಸೇರಿಸಿತು, ಟಿ.ವಿ.ಯವರು ಅವರನ್ನು ಗುರುತಿಸುವುದಕ್ಕೆ ಐದು ವರ್ಷ ಮೊದಲು.

ತೀರ್ಪು ಜಾರಿಗೆ ಬಂದ ಬಗೆ ಇನ್ನೊಂದು ಕತೆ. ಆಯ್ಕೆಗೆ ‘ಶೇಪ್-1’ ಎಂಬ ವೈದ್ಯಕೀಯ ದರ್ಜೆ ಬೇಕೆಂದರು: ಮನಸ್ಸು, ಕಿವಿ, ಕೈಕಾಲು, ದೇಹ, ಕಣ್ಣು ಐದರಲ್ಲೂ ಪೂರ್ತಿ ಅಂಕ. ಗಂಡಸರು ಈ ಪರೀಕ್ಷೆಗೆ ನಿಂತದ್ದು ಐದನೇ ಅಥವಾ ಹತ್ತನೇ ವರ್ಷದ ಸೇವೆಯಲ್ಲಿ. ಹೆಂಗಸರನ್ನು ನಿಲ್ಲಿಸಿದ್ದು ನಲವತ್ತು ದಾಟಿದ ಮೇಲೆ. ಜೊತೆಗೆ ಗೋಪ್ಯ ವರದಿಗಳು (ಸಿ.ಆರ್.). ಸರ್ಕಾರಿ ನೌಕರಿಯಲ್ಲಿರುವವರಿಗೆ ಗೊತ್ತು, ಬಡ್ತಿ ಸಿಗದವನ ಸಿ.ಆರ್. ಅನ್ನು ಮೇಲಧಿಕಾರಿ ಎಷ್ಟು ಉದಾಸೀನದಿಂದ ಬರೆಯುತ್ತಾನೆಂದು. ಹೇಗೂ ಹೋಗುವವರು ಎಂದು ಬರೆದಿಟ್ಟ ವರದಿಗಳನ್ನೇ ಈಗ ತೆಗೆದು ತೂಗಿದರು. ಲೆಫ್ಟಿನೆಂಟ್ ಕರ್ನಲ್ ನಿತೀಶಾ ಮತ್ತಿತರರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು 2021ರ ಮಾರ್ಚ್ 25ರಂದು ಕೊಟ್ಟ ತೀರ್ಪು ಇದನ್ನು ಪರೋಕ್ಷ ತಾರತಮ್ಯ ಎಂದು ಗುರುತಿಸಿತು. ನನ್ನ ಮಟ್ಟಿಗೆ ಹಿಂದಿನ ವರ್ಷದ ತೀರ್ಪಿಗಿಂತ ಇದೇ ದೊಡ್ಡದು, ಪತ್ರಿಕೆಗಳಲ್ಲಿ ಸದ್ದು ಕಡಿಮೆಯಾದರೂ.

ಇದೆಲ್ಲ ಅಧಿಕಾರಿಗಳ ಮಾತು. ಸೈನಿಕರ ಸಾಲಿಗೆ ಹೆಂಗಸರು ಬಂದದ್ದು ನಮ್ಮ ಬೆಂಗಳೂರಿನಲ್ಲಿ. ಇಲ್ಲಿನ ಮಿಲಿಟರಿ ಪೊಲೀಸ್ ತರಬೇತಿ ಕೇಂದ್ರದಲ್ಲಿ 61 ವಾರ ತಾಲೀಮು ಮಾಡಿದ 83 ಮಂದಿ 2021ರ ಮೇ 8ರಂದು ಹೊರಬಂದರು. ಕೋವಿಡ್‌ನ ಎರಡನೇ ಅಲೆಯ ದಿನಗಳು, ಕವಾಯತು ಸದ್ದಿಲ್ಲದೆ ಮುಗಿಯಿತು. ಮರುವರ್ಷ ಬಂದ ಅಗ್ನಿಪಥದಿಂದ ನಾಲ್ಕು ವರ್ಷದ ಗಡಿಯಾರ ಗಂಡು ಹುಡುಗರ ಕೈಗೂ ಬಂತು. ಹೆಂಗಸರು ಮೂವತ್ತು ವರ್ಷ ಕಟ್ಟಿಕೊಂಡು ಓಡಾಡಿದ ಗಡಿಯಾರ ಅದು.

ವಾಯುಪಡೆಯಲ್ಲೂ ಹೆಂಗಸರ ಕೈಗೆ ಯುದ್ಧವಿಮಾನ ಕೊಟ್ಟದ್ದು ಮೊದಲು ‘ಪ್ರಯೋಗ’ವೆಂದೇ. 2016ರ ಜೂನ್‌ನಲ್ಲಿ ಕಮಿಷನ್ ಪಡೆದ ಅವನಿ, ಭಾವನಾ, ಮೋಹನಾ ಬೀದರ್‌ಗೆ ಬಂದು ಹಾಕ್ ಎಂಬ ತರಬೇತಿ ವಿಮಾನದಲ್ಲಿ ಪಳಗಿದರು. 2018ರಲ್ಲಿ ಚಿಕ್ಕಮಗಳೂರಿನ ಮೇಘನಾ ಶಾನುಭೋಗ್ ಅದೇ ದಾರಿ ಹಿಡಿದರು. ಪ್ರಯೋಗ ಎಂಬ ಹಣೆಪಟ್ಟಿ ತೆಗೆದದ್ದು 2022ರಲ್ಲಿ.

ಅದೇ 2022ರಲ್ಲಿ ಖಡಕ್ವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಗೆ (ಎನ್.ಡಿ.ಎ.) ಮೊದಲ ಹುಡುಗಿಯರು ಕಾಲಿಟ್ಟರು, ಅದೂ ಸುಪ್ರೀಂ ಕೋರ್ಟಿನ ಮಧ್ಯಂತರ ಆದೇಶದ ಬಲದಿಂದ. ಅವರಲ್ಲಿ 17 ಮಂದಿ 2025ರ ಮೇ 30ರಂದು ತರಬೇತಿ ಮುಗಿಸಿದರು. ಕಾಯಂ ಕಮಿಷನ್ನಿಗೆಂದೇ ಸೇರಿದವರು. ಐದು, ಹತ್ತು, ಹದಿನಾಲ್ಕರ ಲೆಕ್ಕ ಇವರಿಗಿಲ್ಲ. ಆದರೆ ಇವರಲ್ಲಿ ಭೂಸೇನೆ ಆರಿಸಿಕೊಂಡ ಹುಡುಗಿ, ಮೂರು ವರ್ಷ ಪಕ್ಕದಲ್ಲೇ ಓಡಿದ ಹುಡುಗನಂತೆ, ದಳ ಆರಿಸುವಾಗ ಇನ್‌ಫೆಂಟ್ರಿ (ಕಾಲಾಳು ದಳ) ಎಂದೋ ಟ್ಯಾಂಕ್ ರೆಜಿಮೆಂಟ್ ಎಂದೋ ಬರೆಯುವಂತಿಲ್ಲ. 12ನೇ ಸೆಕ್ಷನ್ನಿನ ಅಡಿ ಅವುಗಳ ಹೆಸರು ಹಾಕಿದ ಅಧಿಸೂಚನೆ ಇನ್ನೂ ಹೊರಟಿಲ್ಲ.