ಹಪ್ಪಳದ ಮಣೆ ಮತ್ತು ಹಿಡಿದುಕೊಂಡ ಕ್ಲಚ್ಚು

ಮಳೆ ಸ್ವಲ್ಪ ಬಿಡುವು ಕೊಟ್ಟ ಒಂದು ಸೆಪ್ಟೆಂಬರ್ ಬೆಳಿಗ್ಗೆ ಅಪ್ಪನ ಕಾಲದ ಬೈಕನ್ನು ಕೊಟ್ಟಿಗೆಯಿಂದ ಅಂಗಳಕ್ಕೆ ತಂದೆ. ಜೂನಿನಿಂದ ಅದು ಅಲ್ಲೇ ನಿಂತಿತ್ತು. ಎರಕದ ಸಿಲಿಂಡರು, ಬಲಗಾಲಿಗೆ ಗೇರು, ಎಡಗಾಲಿಗೆ ಬ್ರೇಕು. ಹೆಸರು ಬೇಡ. ಶಬ್ದ ಕೇಳಿದರೆ ನಮ್ಮ ಕಾಸರಗೋಡು ಕಡೆಯ ಪೆರ್ಲದ ಪೇಟೆಯಲ್ಲಿ ಯಾರು ಬೇಕಾದರೂ ಹೇಳುತ್ತಾರೆ. ನಾಲ್ಕನೇ ಕಿಕ್ಕಿಗೆ ಎಂಜಿನ್ ಎದ್ದಿತು. ಕ್ಲಚ್ ಪೂರ್ತಿ ಹಿಡಿದು ಒಂದನೇ ಗೇರ್ ಹಾಕಿದೆ. ಧಡ್ ಅಂತ ಮುಂದಕ್ಕೆ ಹಾರಿ, ಅಡಿಕೆ ಸಿಪ್ಪೆಯ ರಾಶಿಗೆ ನುಗ್ಗಿ ಆಫ್ ಆಯಿತು. ಕ್ಲಚ್ ಮಾತ್ರ ನನ್ನ ಕೈಯಲ್ಲಿ ಹಿಡಿದ ಹಾಗೇ ಇತ್ತು.

ಬದಿಯಡ್ಕದ ಮೆಕ್ಯಾನಿಕ್‌ಗೆ ಫೋನ್ ಮಾಡಿದೆ. "ಕ್ಲಚ್ ಪ್ಲೇಟು ಒಳಗೆ ಅಂಟಿ ಹಿಡ್ಕೊಂಡಿದೆ ಮಾಷ್ಟ್ರೇ. ಕೀ ತೆಗೀರಿ, ನ್ಯೂಟ್ರಲ್ ಮಾಡಿ. ಕ್ಲಚ್ ಒತ್ತಿ ಹಿಡ್ಕೊಂಡು ಸುಮ್ನೆ ಎಂಟ್ಹತ್ತು ಕಿಕ್ ಹೊಡೀರಿ" ಅಂದ. ಹೊಡೆದೆ. ಐದು ಕಿಕ್ ಭಾರವಾಗಿಯೇ ಇತ್ತು. ಆರನೆಯದಕ್ಕೆ ಒಳಗೆ ಏನೋ ಟಕ್ ಅಂದಿತು, ಕಾಲು ಸರಕ್ಕನೆ ಕೆಳಗೆ ಹೋಯಿತು. ಅಷ್ಟೇ ರಿಪೇರಿ.

ಮಕ್ಕಳಿಗೆ ವಿಜ್ಞಾನ ಹೇಳಿಕೊಡುವವನು ನಾನು. ಕಿಕ್ ಹೊಡೆದರೆ ಕ್ಲಚ್ ಯಾಕೆ ಬಿಡಬೇಕು ಎಂಬ ಪ್ರಶ್ನೆ ನನ್ನನ್ನು ಬಿಡಲಿಲ್ಲ.

ಎಡಗಡೆಯ ಕವರ್ ಬಿಚ್ಚಿದರೆ ಕ್ಲಚ್ ಕಾಣುತ್ತದೆ. ದೋಸೆ ಒಟ್ಟಿದ ಹಾಗೆ ಪ್ಲೇಟುಗಳ ಅಟ್ಟಿ. ಒಂದು ಫೈಬರ್ ಪ್ಲೇಟು, ಒಂದು ಸ್ಟೀಲ್ ಪ್ಲೇಟು, ಮತ್ತೆ ಫೈಬರು. ಒಂದು ಜಾತಿಯವು ಹೊರಗಿನ ಡ್ರಮ್ಮಿಗೆ ಸಿಕ್ಕಿಕೊಂಡು ಎಂಜಿನ್ ಜೊತೆ ತಿರುಗುತ್ತವೆ. ಇನ್ನೊಂದು ಜಾತಿಯವು ಒಳಗಿನ ಹಬ್ಬಿಗೆ ಸಿಕ್ಕಿಕೊಂಡು ಗೇರ್‌ಬಾಕ್ಸ್ ಜೊತೆ ತಿರುಗುತ್ತವೆ. ಮೇಲಿನಿಂದ ಸ್ಪ್ರಿಂಗುಗಳು ಪ್ರೆಷರ್ ಪ್ಲೇಟ್ ಎಂಬ ತಟ್ಟೆಯ ಮೂಲಕ ಎಲ್ಲವನ್ನೂ ಅದುಮಿ ಹಿಡಿಯುತ್ತವೆ. ಓಡುವಾಗ ಇದೆಲ್ಲ ಎಣ್ಣೆಯಲ್ಲಿ ನೆನೆದುಕೊಂಡೇ ಇರುತ್ತದೆ.

ಈಗ ನಾವು ಲಿವರ್ ಒತ್ತಿದರೆ ಏನಾಗುತ್ತದೆ? ಪ್ಲೇಟುಗಳು ಬೇರೆಯಾಗುತ್ತವೆ ಎಂದೇ ನಾನೂ ಇಷ್ಟು ವರ್ಷ ಅಂದುಕೊಂಡಿದ್ದೆ. ನಿಜವಾಗಿ ಪ್ರೆಷರ್ ಪ್ಲೇಟ್ ಮಾತ್ರ ಹಿಂದೆ ಸರಿಯುತ್ತದೆ, ಅದುಮುವ ಬಲ ಹೋಗುತ್ತದೆ. ಉಳಿದ ಪ್ಲೇಟುಗಳನ್ನು ಒಂದೊಂದಾಗಿ ಎಳೆದು ಬಿಡಿಸುವವರು ಅಲ್ಲಿ ಯಾರೂ ಇಲ್ಲ. ಅವು ತಾವಾಗಿಯೇ ಬಿಟ್ಟುಕೊಳ್ಳಬೇಕು. ಜಾಗವೂ ಕಡಿಮೆ. ಪ್ರೆಷರ್ ಪ್ಲೇಟ್ 2 ಮಿ.ಮೀ. ಸರಿದು, ನಡುವೆ 10 ಸಂದುಗಳಿದ್ದರೆ, ಒಂದೊಂದರ ಪಾಲಿಗೆ ಬರುವುದು 0.2 ಮಿ.ಮೀ. ಮಾತ್ರ.

ದಿನಾ ಓಡುವ ಬೈಕಿನಲ್ಲಿ ಈ ಸಂದುಗಳಲ್ಲಿ ಎಣ್ಣೆ ಓಡಾಡುತ್ತಿರುತ್ತದೆ. ಮೂರು ತಿಂಗಳು ನಿಂತರೆ ಸ್ಪ್ರಿಂಗ್ ಅದುಮಿ ಅದುಮಿ ಎಣ್ಣೆಯನ್ನು ಹೊರಗೆ ಹಾಕುತ್ತದೆ. ಉಳಿಯುವುದು ತೀರಾ ತೆಳು ಪೊರೆ. ಆ ಪೊರೆಯೇ ಅಂಟು.

ಇದನ್ನು ಮೊದಲು ನೋಡಿದ್ದು ವರ್ಕ್‌ಶಾಪಿನಲ್ಲಲ್ಲ, ಅಜ್ಜಿಯ ಹತ್ತಿರ. ನಮ್ಮಲ್ಲಿ ಬೇಸಿಗೆ ಅಂದರೆ ಹಲಸಿನಕಾಯಿ ಹಪ್ಪಳ. ಹಿಟ್ಟಿನ ಉಂಡೆಯನ್ನು ಎಣ್ಣೆ ಸವರಿದ ಎರಡು ಹಾಳೆಗಳ ಮಧ್ಯೆ ಇಟ್ಟು ಮಣೆಯಲ್ಲಿ ಒತ್ತುವುದು. ಒತ್ತುವ ಕೆಲಸ ಮಕ್ಕಳದ್ದು. ಮೇಲಿನ ಹಾಳೆಯನ್ನು ನಾವು ನೇರ ಮೇಲಕ್ಕೆ ಎತ್ತಿದರೆ ಹಪ್ಪಳವೂ ಜೊತೆಗೇ ಎದ್ದು ಬರುತ್ತಿತ್ತು, ಬೈಗುಳವೂ ಬರುತ್ತಿತ್ತು. ಅಜ್ಜಿ ಹಾಳೆಯನ್ನು ಒಂದು ಚೂರು ಜಾರಿಸಿ, ಅಂಚಿನಿಂದ ಬಿಡಿಸುತ್ತಿದ್ದರು. ಹಪ್ಪಳ ಅಲ್ಲೇ ಉಳಿಯುತ್ತಿತ್ತು.

ಇದಕ್ಕೊಂದು ಲೆಕ್ಕ ಇದೆ. ವಿಯೆನ್ನಾದಲ್ಲಿದ್ದ ಭೌತವಿಜ್ಞಾನಿ ಯೋಸೆಫ್ ಸ್ಟೆಫಾನ್ 1874ರಲ್ಲಿ ಅದನ್ನು ಬರೆದಿಟ್ಟರು. ಬಿಸಿ ವಸ್ತುಗಳು ಎಷ್ಟು ಶಾಖ ಚೆಲ್ಲುತ್ತವೆ ಎಂಬ ನಿಯಮದಲ್ಲಿ ಪಿಯುಸಿ ಮಕ್ಕಳಿಗೆ ಸಿಗುವ ಸ್ಟೆಫಾನ್ ಇವರೇ. ದ್ರವದ ಪೊರೆ ಇರುವ ಎರಡು ಚಪ್ಪಟೆ ತಟ್ಟೆಗಳನ್ನು ನೇರವಾಗಿ ಬೇರೆ ಮಾಡಬೇಕಾದರೆ, ಅಗಲವಾಗುವ ಸಂದಿಗೆ ಹೊರಗಿನಿಂದ ದ್ರವ ನುಗ್ಗಿ ಬರಬೇಕು. ಸಂದು ತೆಳುವಾದಷ್ಟೂ ಅದಕ್ಕೆ ದಾರಿ ಇಕ್ಕಟ್ಟು. ಸಂದು ಅರ್ಧವಾದರೆ ಬೇಕಾದ ಬಲ ಎರಡು ಪಟ್ಟಲ್ಲ, 8 ಪಟ್ಟು. ಹತ್ತರಲ್ಲಿ ಒಂದಾದರೆ 1000 ಪಟ್ಟು! ಜಾರಿಸುವಾಗ ಈ ತೊಂದರೆ ಇಲ್ಲ. ದ್ರವ ಎಲ್ಲಿಂದಲೂ ಬರಬೇಕಾಗಿಲ್ಲ, ಇದ್ದಲ್ಲೇ ಪದರ ಪದರವಾಗಿ ಸರಿದರೆ ಸಾಕು. ಹಾಗಾಗಿ ಸಂದು ಹತ್ತರಲ್ಲಿ ಒಂದಾದರೂ ಬಲ ಬರೀ 10 ಪಟ್ಟು ಏರುತ್ತದೆ.

ಕಿಕ್ಕು ಮಾಡಿದ್ದು ಅಜ್ಜಿಯ ಕೆಲಸವನ್ನೇ. ನನ್ನ ಬೈಕಿನಲ್ಲಿ ಕಿಕ್ಕಿನ ಬಲ ಮೊದಲು ಗೇರ್‌ಬಾಕ್ಸಿಗೆ, ಅಲ್ಲಿಂದ ಕ್ಲಚ್ಚಿನ ಹಬ್ಬಿಗೆ, ಪ್ಲೇಟುಗಳ ಮೂಲಕ ಡ್ರಮ್ಮಿಗೆ, ಆಮೇಲೆ ಎಂಜಿನ್ನಿಗೆ ಹೋಗುತ್ತದೆ. ಲಿವರ್ ಒತ್ತಿ ಕಿಕ್ ಹೊಡೆದರೆ ಹಬ್ಬು ತಿರುಗಲು ನೋಡುತ್ತದೆ, ಎಂಜಿನ್ನಿನ ಕಂಪ್ರೆಷನ್ ಡ್ರಮ್ಮನ್ನು ತಡೆಯುತ್ತದೆ. ನಡುವೆ ಸಿಕ್ಕಿದ ಪ್ಲೇಟುಗಳು ಜಾರಲೇಬೇಕು. ಕ್ಲಚ್ ಹಿಡಿದುಕೊಂಡಿದೆಯೋ ಇಲ್ಲವೋ ಎನ್ನುವುದೂ ಕಾಲಿಗೇ ಗೊತ್ತಾಗುತ್ತದೆ. ಲಿವರ್ ಒತ್ತಿದ್ದರೂ ಕಿಕ್ ಭಾರವಾಗಿದ್ದರೆ ಬಿಟ್ಟಿಲ್ಲ, ಹಗುರಾದರೆ ಬಿಟ್ಟಿದೆ.

ಆದರೆ ಎಲ್ಲ ಬೈಕಿಗೂ ಇದನ್ನು ಮಾಡಬೇಡಿ. ಜಪಾನ್ ಮೂಲದ ಅನೇಕ ಬೈಕುಗಳಲ್ಲಿ ಕಿಕ್ಕು ನೇರವಾಗಿ ಡ್ರಮ್ಮನ್ನೇ ತಿರುಗಿಸುತ್ತದೆ, ಕ್ಲಚ್ ಒತ್ತಿದ್ದರೂ ಎಂಜಿನ್ ತಿರುಗುತ್ತದೆ. ನ್ಯೂಟ್ರಲ್‌ನಲ್ಲಿ ಎಷ್ಟು ಕಿಕ್ ಹೊಡೆದರೂ ಪ್ಲೇಟು ಜಾರುವುದಿಲ್ಲ, ಸುಮ್ನೆ ಕಾಲು ನೋವು. ಅವಕ್ಕೆ ಕೀ ತೆಗೆದು, ಮೂರನೇ ಗೇರ್ ಹಾಕಿ, ಕ್ಲಚ್ ಒತ್ತಿಕೊಂಡು ಬೈಕನ್ನೇ ಹಿಂದಕ್ಕೂ ಮುಂದಕ್ಕೂ ತಳ್ಳುವುದು ದಾರಿ.

ಬೆಳಿಗ್ಗೆ ಲಿವರ್ ಒತ್ತಿದ್ದರೂ ಕ್ಲಚ್ ಬೈಕನ್ನು ಮುಂದಕ್ಕೆ ಎಳೆಯುವುದಕ್ಕೂ, ಓಡಿದ ಮೇಲೆ ಸರಿಯಾಗುವುದಕ್ಕೂ ಎಣ್ಣೆಯೇ ಕಾರಣ. ಸಾಮಾನ್ಯ 20ಡಬ್ಲ್ಯೂ-50 ದರ್ಜೆಯ ಎಂಜಿನ್ ಎಣ್ಣೆ 100 ಡಿಗ್ರಿಯಲ್ಲಿ ಇರುವುದಕ್ಕಿಂತ 40 ಡಿಗ್ರಿಯಲ್ಲಿ ಎಂಟೊಂಬತ್ತು ಪಟ್ಟು ದಪ್ಪ. ಆಟಿ ತಿಂಗಳ, ಅಂದರೆ ಜುಲೈ-ಆಗಸ್ಟಿನ ಮಳೆಯ ತಂಪಿನಲ್ಲಿ ಇನ್ನೂ ದಪ್ಪ.

ಬಿಸಿಯಾದ ಮೇಲೂ ಗೇರ್ ಕಟಕಟ ಅಂದರೆ, ನ್ಯೂಟ್ರಲ್ ಸಿಗದಿದ್ದರೆ, ಆಗ ಬೇರೆ ಹುಡುಕಬೇಕು. ಮೊದಲು ಕೇಬಲ್ಲು. ನಮ್ಮ ಮಳೆಗೆ ಅದರೊಳಗಿನ ತಂತಿ ತುಕ್ಕು ಹಿಡಿಯುತ್ತದೆ, ಎಳೆಗಳು ಒಂದೊಂದಾಗಿ ಕಡಿಯುತ್ತವೆ. ಲಿವರಿನ ಬುಡದಲ್ಲಿ ಎರಡು ಮೂರು ಮಿ.ಮೀ. ಸಡಿಲ ಇರಲಿ. ಅದಕ್ಕಿಂತ ಜಾಸ್ತಿಯಾದರೆ ಕ್ಲಚ್ ಪೂರ್ತಿ ಬಿಡುವುದಿಲ್ಲ. ತೀರಾ ಬಿಗಿ ಮಾಡಿದರೆ ಏರು ದಾರಿಯಲ್ಲಿ ಜಾರುತ್ತದೆ. ಕೇಬಲ್ ಸರಿ ಇದ್ದರೆ ಸ್ಪ್ರಿಂಗು. ಕವರ್ ತೆಗೆದು, ಲಿವರ್ ಒತ್ತಿ, ಕಿಕ್ಕನ್ನು ಕೈಯಿಂದ ನಿಧಾನ ತಿರುಗಿಸಿ. ಪ್ರೆಷರ್ ಪ್ಲೇಟು ಓಲಾಡಿದರೆ ಸ್ಪ್ರಿಂಗುಗಳ ಬಿಗಿ ಸಮ ಇಲ್ಲ. ಒಂದು ಕಡೆ ಬಿಟ್ಟು ಇನ್ನೊಂದು ಕಡೆ ಹಿಡಿಯುತ್ತದೆ.

ನನ್ನ ಬೈಕನ್ನು ಕೊನೆಗೆ ಬಿಚ್ಚಿದೆವು. ಬಿಟ್ಟ ಕ್ಲಚ್ಚನ್ನು ಯಾಕೆ ಬಿಚ್ಚುತ್ತೀರಿ ಎಂದು ಮೆಕ್ಯಾನಿಕ್ ನಕ್ಕ. ಸ್ಟೀಲ್ ಪ್ಲೇಟುಗಳ ಕೆಳಭಾಗ ಫಳಫಳ ಹೊಳೆಯುತ್ತಿತ್ತು. ಮೇಲ್ಭಾಗದಲ್ಲಿ ಮಾತ್ರ ಅರ್ಧಚಂದ್ರದ ಆಕಾರದಲ್ಲಿ ಕಂದು ತುಕ್ಕು. ನಿಂತ ಬೈಕಿನಲ್ಲಿ ಎಣ್ಣೆಯ ಮಟ್ಟ ಎಲ್ಲಿಯವರೆಗಿತ್ತು ಎಂದು ಅಳತೆ ಕೋಲು ಇಟ್ಟ ಹಾಗೆ ಕಾಣುತ್ತಿತ್ತು. ಎಣ್ಣೆ ಮುಟ್ಟದ ಭಾಗವನ್ನು ತೇವದ ಗಾಳಿ ತಿಂದಿದೆ. ಅಂದರೆ ನನ್ನ ಕ್ಲಚ್ಚನ್ನು ಹಿಡಿದದ್ದು ಸ್ಟೆಫಾನರ ಪೊರೆ ಒಂದೇ ಅಲ್ಲ, ತುಕ್ಕೂ ಸೇರಿತ್ತು. ಆ ಟಕ್ ಶಬ್ದ ತುಕ್ಕಿನದ್ದೇ ಇರಬೇಕು. ಎಣ್ಣೆ ಬಿಡುವಾಗ ಶಬ್ದ ಮಾಡುವುದಿಲ್ಲವಲ್ಲ. ನಯವಾದ ಮರಳು ಕಾಗದದಲ್ಲಿ ಉಜ್ಜಿ, ಕನ್ನಡಿಯ ಮೇಲಿಟ್ಟು ಸೊಟ್ಟಗಾಗಿಲ್ಲವೆಂದು ನೋಡಿ, ಎಣ್ಣೆ ಸವರಿ ಹಾಕಿದೆವು. ಡ್ರಮ್ಮಿನ ಬೆರಳುಗಳಲ್ಲಿ ಪ್ಲೇಟಿನ ಹಲ್ಲು ಕಚ್ಚಿ ಆಗಿದ್ದ ಸಣ್ಣ ಗುಳಿಗಳನ್ನೂ ಅವನು ಅರದಿಂದ ತೀಡಿದ. ಅಂಥ ಗುಳಿಗೆ ಸಿಕ್ಕಿದ ಪ್ಲೇಟು ಎಷ್ಟು ಒತ್ತಿದರೂ ಸರಿಯುವುದಿಲ್ಲ.

ಹೋಗುವಾಗ ಅವನೊಂದು ಉಪಾಯ ಹೇಳಿದ. ಮಳೆಗಾಲಕ್ಕೆ ನಿಲ್ಲಿಸುವಾಗ ಲಿವರನ್ನು ಹ್ಯಾಂಡಲಿಗೆ ಎಳೆದು ಸೈಕಲ್ ಟ್ಯೂಬಿನ ತುಂಡಿನಿಂದ ಕಟ್ಟಿಡಿ ಎಂದು. ಅದುಮುವ ಬಲವೇ ಇಲ್ಲದಿದ್ದರೆ ಎಣ್ಣೆ ಹೊರಗೆ ಹೋಗುವುದೂ ಕಡಿಮೆ. ಕೇಬಲ್ ಮೂರು ತಿಂಗಳು ಬಿಗಿಯಾಗಿರುತ್ತದೆ ಎಂಬುದು ನನ್ನ ತಕರಾರು. ಆದರೂ ಮುಂದಿನ ಜೂನಿನಲ್ಲಿ ಕಟ್ಟಿದೆ. ಆಟಿಯಲ್ಲಿ ಹೋಗಿ ನೋಡಿದರೆ ಟ್ಯೂಬಿನ ತುಂಡು ಇರಲಿಲ್ಲ. ಅದು ಅಡುಗೆಮನೆಯಲ್ಲಿ, ಹಪ್ಪಳದ ಡಬ್ಬದ ಮುಚ್ಚಳಕ್ಕೆ ಬಿಗಿದಿತ್ತು.