‘ಹಾಕಿಸಬೇಕು’ ಎಂದರೆ ಯಾರು?

ಕೆಲವು ವರ್ಷಗಳ ಹಿಂದೆ ಒಂದು ಕಂಪನಿಯವರು ಅಪಘಾತವೊಂದರ ತನಿಖೆಗೆಂದು ನನ್ನನ್ನು ಕರೆಸಿಕೊಂಡಿದ್ದರು. ಕನ್ವೇಯರ್ ಬೆಲ್ಟಿನ ಹಿಂಬದಿಯ ರಾಟೆಗೆ ಕೈ ಸಿಕ್ಕಿ ಕಾರ್ಮಿಕರೊಬ್ಬರ ಮುಂಗೈ ಮೂಳೆ ಎರಡು ಕಡೆ ಮುರಿದಿತ್ತು. ರಾಟೆಯ ಸುತ್ತ ಇರಬೇಕಾದ ಜಾಲರಿಯ ಗಾರ್ಡ್ ಅಲ್ಲಿರಲಿಲ್ಲ. ಅದನ್ನು ಬಿಗಿಯುವ ನಾಲ್ಕು ಬೋಲ್ಟುಗಳ ತೂತಿನೊಳಗೆ ಗ್ರೀಸೂ ದೂಳೂ ಸೇರಿ ಕಲ್ಲಿನಂತೆ ಗಟ್ಟಿಯಾಗಿದ್ದುದನ್ನು ನೋಡಿದರೆ, ಗಾರ್ಡ್ ಕಳಚಿದ್ದು ನಿನ್ನೆ ಮೊನ್ನೆಯಲ್ಲ ಎಂಬುದು ಯಾರಿಗಾದರೂ ತಿಳಿಯುವಂತಿತ್ತು. ವಾರದ ತಪಾಸಣೆಯ ರಿಜಿಸ್ಟರ್ ತರಿಸಿದೆ. “ಹಿಂಬದಿ ರಾಟೆಗೆ ಗಾರ್ಡ್ ಇಲ್ಲ, ಹಾಕಿಸಬೇಕು” ಎಂಬ ಸಾಲು ಅದರಲ್ಲಿ ಸತತವಾಗಿ 11 ವಾರ ಇತ್ತು. ಪ್ರತಿ ಪುಟದ ಕೆಳಗೂ ಮೂವರ ಸಹಿ ಇತ್ತು.

ನಿರ್ವಹಣಾ ವಿಭಾಗದವರನ್ನು ಕೇಳಿದರೆ, ಬೆಲ್ಟ್ ನಿಲ್ಲಿಸಲು ಉತ್ಪಾದನಾ ವಿಭಾಗ ಸಮಯ ಕೊಡಲಿಲ್ಲ ಎಂದರು. ಉತ್ಪಾದನಾ ವಿಭಾಗದವರು, ಗಾರ್ಡ್ ಸಿದ್ಧವಾಗಿದ್ದರೆ ತಾನೆ ನಿಲ್ಲಿಸುವುದು ಎಂದರು. ಖರೀದಿ ವಿಭಾಗಕ್ಕೆ ಬೇಡಿಕೆಯ ಪತ್ರವೇ ಹೋಗಿರಲಿಲ್ಲ. ಸುರಕ್ಷತಾ ಅಧಿಕಾರಿ ಮಾತ್ರ ರಿಜಿಸ್ಟರನ್ನು ನನ್ನ ಮುಂದೆ ಸರಿಸಿ, “ನಾನು ಪ್ರತಿ ವಾರ ಬರೆದಿದ್ದೇನಲ್ಲ ಸಾರ್” ಎಂದರು. ಅವರು ಹೇಳಿದ್ದು ನಿಜವೇ ಆಗಿತ್ತು. ‘ಹಾಕಿಸಬೇಕು’ ಎಂಬ ಕ್ರಿಯಾಪದಕ್ಕೆ ನಮ್ಮ ಭಾಷೆಯಲ್ಲಿ ಕರ್ತೃವನ್ನು ಹೇಳಲೇಬೇಕೆಂದೇನಿಲ್ಲ. ಹಾಕಿಸಬೇಕಾದವರು ಯಾರೆಂದು ಹೇಳದೆಯೇ ವಾಕ್ಯ ಪೂರ್ತಿಯಾಗುತ್ತದೆ. ಕಂಪನಿಗಳ ಸುರಕ್ಷತಾ ದಾಖಲೆಗಳಲ್ಲಿ ನಾನು ಅತಿ ಹೆಚ್ಚಾಗಿ ಕಂಡಿರುವ ದೋಷ ಇದೇ.

ಉದ್ಯೋಗಸ್ಥಳದ ಆರೋಗ್ಯ ಮತ್ತು ಸುರಕ್ಷತೆಯ ಹೊಣೆ ಯಾರದು ಎಂದು ಕೇಳಿದರೆ ಸಾಮಾನ್ಯವಾಗಿ ಎರಡು ಉತ್ತರಗಳು ಬರುತ್ತವೆ. ಸುರಕ್ಷತಾ ಅಧಿಕಾರಿಯದು ಎನ್ನುವುದು ಒಂದು, ಎಲ್ಲರದೂ ಎನ್ನುವುದು ಇನ್ನೊಂದು. ಮೊದಲನೆಯದು ತಪ್ಪು, ಎರಡನೆಯದು ಕೇಳಲು ಚೆನ್ನಾಗಿದ್ದರೂ ಯಾರ ಕೈಗೂ ಕೆಲಸ ಕೊಡುವುದಿಲ್ಲ. ಸುರಕ್ಷತಾ ಅಧಿಕಾರಿ ಸಲಹೆಗಾರ. ಅಪಾಯವನ್ನು ಗುರುತಿಸುವುದು, ಕಾನೂನು ಏನು ಹೇಳುತ್ತದೆಂದು ತಿಳಿಸುವುದು, ತರಬೇತಿ ಕೊಡುವುದು, ಲೋಪವನ್ನು ಮೇಲಿನವರ ಗಮನಕ್ಕೆ ತರುವುದು ಆತನ ಕೆಲಸ. ಯಂತ್ರ ನಿಲ್ಲಿಸುವ, ಹಣ ಬಿಡುಗಡೆ ಮಾಡುವ, ಆಳುಗಳನ್ನು ಹೆಚ್ಚಿಸುವ ಅಧಿಕಾರ ಬಹುಪಾಲು ಕಡೆ ಆತನಿಗೆ ಇರುವುದೇ ಇಲ್ಲ. ಅಧಿಕಾರವಿಲ್ಲದವನ ಹೆಗಲಿಗೆ ಹೊಣೆ ಹೊರಿಸಿ, ಅವಘಡವಾದಾಗ ಆತನನ್ನೇ ಬದಲಾಯಿಸುವ ಕಂಪನಿಗಳನ್ನು ನೋಡಿದ್ದೇನೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ ಅದು.

ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1981ರ 155ನೇ ಒಡಂಬಡಿಕೆ ಈ ವಿಷಯದಲ್ಲಿ ಗೊಂದಲಕ್ಕೆ ಎಡೆಯಿಟ್ಟಿಲ್ಲ. ತನ್ನ ಹಿಡಿತದಲ್ಲಿರುವ ಕೆಲಸದ ಸ್ಥಳ, ಯಂತ್ರ, ಸಲಕರಣೆ ಮತ್ತು ಪ್ರಕ್ರಿಯೆಗಳು, ಕಾರ್ಯಸಾಧ್ಯವಾದ ಮಟ್ಟಿಗೆ, ಅಪಾಯಮುಕ್ತವಾಗಿರುವಂತೆ ನೋಡಿಕೊಳ್ಳುವುದು ಉದ್ಯೋಗದಾತನ ಕರ್ತವ್ಯ ಎಂದು ಅದು ಹೇಳುತ್ತದೆ. ಈ ಕ್ರಮಗಳ ಖರ್ಚು ಕಾರ್ಮಿಕರ ಮೇಲೆ ಬೀಳಬಾರದೆಂದೂ ಹೇಳುತ್ತದೆ. ಸುರಕ್ಷಿತವೂ ಆರೋಗ್ಯಕರವೂ ಆದ ಕೆಲಸದ ವಾತಾವರಣವನ್ನು ಇದೇ ಸಂಘಟನೆ 2022ರಲ್ಲಿ ಕೆಲಸಕ್ಕೆ ಸಂಬಂಧಿಸಿದ ಮೂಲಭೂತ ತತ್ತ್ವ ಮತ್ತು ಹಕ್ಕುಗಳ ಪಟ್ಟಿಗೆ ಸೇರಿಸಿತು. ಇಲ್ಲಿ ‘ಹಿಡಿತದಲ್ಲಿರುವ’ ಎಂಬ ಮಾತು ಬಹಳ ಮುಖ್ಯ. ಯಾವುದರ ಮೇಲೆ ಯಾರಿಗೆ ಹಿಡಿತವಿದೆಯೋ ಅದರ ಹೊಣೆ ಅವರದು. ಕಂಪನಿಯೊಳಗೆ ಹೊಣೆಯನ್ನು ಹಂಚುವಾಗ ನಾನು ಹಿಡಿಯುವ ಅಳತೆಗೋಲು ಇಷ್ಟೇ.

ಹಾಗೆ ಹಂಚಲು ಕುಳಿತಾಗ, ಮೊದಲು ಅಪಾಯಗಳ ಪಟ್ಟಿಯನ್ನು ಮುಂದಿಟ್ಟುಕೊಂಡು ಪ್ರತಿಯೊಂದಕ್ಕೂ ಮೂರು ಪ್ರಶ್ನೆ ಕೇಳುತ್ತೇನೆ. ಇದನ್ನು ಸರಿಪಡಿಸಲು ಹಣ ಮಂಜೂರು ಮಾಡಬಲ್ಲವರು ಯಾರು? ಸರಿಪಡಿಸುವವರೆಗೆ ಕೆಲಸ ನಿಲ್ಲಿಸಬಲ್ಲವರು ಯಾರು? ದಿನಕ್ಕೊಮ್ಮೆಯಾದರೂ ಅದನ್ನು ಕಣ್ಣಾರೆ ನೋಡುವವರು ಯಾರು? ಮೂರಕ್ಕೂ ಒಬ್ಬರದೇ ಹೆಸರು ಬರುವುದು ಅಪರೂಪ, ಆದರೆ ಹೊಣೆಯನ್ನು ಬರೆದುಕೊಡುವಾಗ ಆ ಹೆಸರುಗಳ ನಡುವಿನ ಅಂತರವನ್ನು ಮುಚ್ಚಲೇಬೇಕಾಗುತ್ತದೆ. ಪಾಳಿಯ ಮೇಲ್ವಿಚಾರಕನಿಗೆ ಯಂತ್ರ ನಿಲ್ಲಿಸುವ ಅಧಿಕಾರವನ್ನು ಲಿಖಿತವಾಗಿ ಕೊಡಬೇಕು. ಒಂದು ಮಿತಿಯೊಳಗಿನ ದುರಸ್ತಿಯನ್ನು ನಿರ್ವಹಣಾ ವಿಭಾಗದ ಮುಖ್ಯಸ್ಥರು ಮೇಲಿನವರ ಒಪ್ಪಿಗೆಗೆ ಕಾಯದೆ ಮಾಡಿಸುವಂತಿರಬೇಕು. ಆ ಮಿತಿ ಮೀರಿದ ವಿಷಯ ಎಷ್ಟು ದಿನದೊಳಗೆ ಯಾರ ಮೇಜಿಗೆ ಹೋಗಬೇಕೆಂಬುದೂ ಗೊತ್ತಾಗಿರಬೇಕು. ಹೀಗೆ ಹೆಸರಿಸಿದ ವ್ಯಕ್ತಿ ರಜೆಯಲ್ಲಿದ್ದಾಗ ಹೊಣೆ ಯಾರದು ಎಂಬುದನ್ನು ಮರೆತರಂತೂ ಉಳಿದದ್ದೆಲ್ಲ ವ್ಯರ್ಥವಾಗುತ್ತದೆ. ನಾನು ನೋಡಿದ ಅಪಘಾತಗಳಲ್ಲಿ ಒಂದಕ್ಕಿಂತ ಹೆಚ್ಚು ನಡೆದದ್ದು ಹೀಗೆ ‘ಇನ್‌ಚಾರ್ಜ್’ ಇಲ್ಲದ ದಿನಗಳಲ್ಲಿಯೇ.

ಈ ಸರಪಳಿಯಲ್ಲಿ ನನ್ನ ಅನುಭವದಲ್ಲಿ ಅತ್ಯಂತ ಹೆಚ್ಚು ಒತ್ತಡ ಬೀಳುವುದು ಮೇಲ್ವಿಚಾರಕನ ಮೇಲೆ. ಆತನಿಗೆ ಬೆಳಗಿನ ಸಭೆಯಲ್ಲಿ ಉತ್ಪಾದನೆಯ ಗುರಿಯನ್ನು ಅಂಕಿಯಲ್ಲಿ ಕೊಡುತ್ತಾರೆ, ಸುರಕ್ಷತೆಯನ್ನು ಉಪದೇಶದಲ್ಲಿ ಕೊಡುತ್ತಾರೆ. ಸಂಜೆ ಅಂಕಿಯ ಲೆಕ್ಕ ಕೇಳುತ್ತಾರೆ, ಉಪದೇಶದ ಲೆಕ್ಕ ಕೇಳುವುದಿಲ್ಲ. ಇಂಥ ಕಡೆ ಆತ ಯಾವುದನ್ನು ಆರಿಸಿಕೊಳ್ಳುತ್ತಾನೆಂದು ಊಹಿಸಲು ತನಿಖೆ ಬೇಕಾಗಿಲ್ಲ. ಆಡಳಿತ ಮಂಡಳಿಯವರಿಗೆ ನಾನು ಹೇಳುವುದೂ ಇದನ್ನೇ: ನಿಮ್ಮ ಸಹಿ ಇರುವ ಸುರಕ್ಷತಾ ನೀತಿಯನ್ನು ಗೋಡೆಗೆ ಹಾಕಿದ್ದೀರಿ, ಸರಿ, ಕಳೆದ ತಿಂಗಳು ಅಪಾಯದ ಕಾರಣಕ್ಕೆ ಯಂತ್ರ ನಿಲ್ಲಿಸಿದ ಮೇಲ್ವಿಚಾರಕನಿಗೆ ಆಮೇಲೆ ಏನಾಯಿತು ಎಂಬುದನ್ನು ವಿಚಾರಿಸಿ. ಕಾರ್ಮಿಕರು ನಿಮ್ಮ ನೀತಿಯನ್ನು ಓದಿಕೊಳ್ಳುವುದು ಅಲ್ಲಿ. ಜೀವಕ್ಕೆ ಸನ್ನಿಹಿತವಾದ ಗಂಭೀರ ಅಪಾಯವಿದೆಯೆಂದು ಸಕಾರಣವಾಗಿ ನಂಬಿ ಕೆಲಸದಿಂದ ಹಿಂದೆ ಸರಿದವರನ್ನು ದಂಡಿಸಬಾರದೆಂದು ಅದೇ 155ನೇ ಒಡಂಬಡಿಕೆ ಹೇಳುತ್ತದೆಯಾದರೂ, ಹಿಂದೆ ಸರಿದವನಿಗೆ ಮರುದಿನ ಯಾವ ಪಾಳಿ ಸಿಕ್ಕಿತು ಎಂಬುದನ್ನು ಯಾವ ಒಡಂಬಡಿಕೆಯೂ ಬಂದು ನೋಡುವುದಿಲ್ಲ.

ಹೊಣೆ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುವ ಗಳಿಗೆಯೇ ಅತ್ಯಂತ ಅಪಾಯದ ಗಳಿಗೆ. ಉತ್ತರ ಸಮುದ್ರದ ಪೈಪರ್ ಆಲ್ಫಾ ತೈಲ ವೇದಿಕೆಯಲ್ಲಿ 1988ರ ಜುಲೈ 6ರ ರಾತ್ರಿ ನಡೆದದ್ದನ್ನು ತರಬೇತಿಗಳಲ್ಲಿ ನಾನು ತಪ್ಪದೆ ವಿವರಿಸುತ್ತೇನೆ. ಅಲ್ಲಿ ಎರಡು ಪಂಪುಗಳಿದ್ದವು. ಹಗಲಿನಲ್ಲಿ ಒಂದು ಪಂಪಿನ ಸುರಕ್ಷತಾ ಕವಾಟವನ್ನು ಪರೀಕ್ಷೆಗೆಂದು ಬಿಚ್ಚಿ, ತೆರೆದ ಕೊಳವೆಯ ಬಾಯಿಗೆ ತಾತ್ಕಾಲಿಕವಾಗಿ ಒಂದು ಬಿಲ್ಲೆ ಮುಚ್ಚಿದ್ದರು. ಪಾಳಿ ಬದಲಾಗುವ ಹೊತ್ತಿಗೆ ಕೆಲಸ ಮುಗಿದಿರಲಿಲ್ಲ. ಪಂಪಿನ ದುರಸ್ತಿಗೆ ಒಂದು ವರ್ಕ್ ಪರ್ಮಿಟ್ (ಕೆಲಸಕ್ಕೆ ಮುನ್ನ ಪಡೆಯಬೇಕಾದ ಲಿಖಿತ ಅನುಮತಿ), ಕವಾಟದ ಕೆಲಸಕ್ಕೆ ಇನ್ನೊಂದು. ರಾತ್ರಿ ಎರಡನೆಯ ಪಂಪು ನಿಂತುಹೋದಾಗ ಪಾಳಿಯವರು ಮೊದಲ ಪಂಪಿನ ಪರ್ಮಿಟ್ ಹುಡುಕಿ ನೋಡಿದರು, ದುರಸ್ತಿ ಇನ್ನೂ ಶುರುವಾಗಿಲ್ಲವೆಂದು ತಿಳಿದು ಅದನ್ನು ಚಾಲೂ ಮಾಡಿದರು. ಕವಾಟ ಬಿಚ್ಚಿರುವ ಸಂಗತಿ ಅವರಿಗೆ ಗೊತ್ತಿರಲಿಲ್ಲ. ಆ ಬಿಲ್ಲೆ ಒತ್ತಡ ತಡೆಯಲಿಲ್ಲ, ಅನಿಲ ಸೋರಿ ಸ್ಫೋಟಿಸಿತು. ಅಂದು ಸತ್ತವರು 167 ಮಂದಿ. ತನಿಖೆ ನಡೆಸಿದ ಲಾರ್ಡ್ ಕಲನ್ 1990ರಲ್ಲಿ 106 ಶಿಫಾರಸುಗಳನ್ನು ಕೊಟ್ಟರು. ಆ ವೇದಿಕೆಯಲ್ಲಿ ಪರ್ಮಿಟ್ ವ್ಯವಸ್ಥೆ ಇರಲಿಲ್ಲವೆಂದಲ್ಲ, ಇತ್ತು. ಮುಗಿಯದ ಕೆಲಸವನ್ನು ಬಾಯಿಮಾತಿನಲ್ಲಿ, ಆ ಜಾಗದಲ್ಲಿಯೇ ನಿಂತು, ಮುಂದಿನ ಪಾಳಿಯವರಿಗೆ ಒಪ್ಪಿಸುವ ಕ್ರಮ ಸಡಿಲವಾಗಿತ್ತು. ಆದ್ದರಿಂದ ಒಂದೇ ಯಂತ್ರಕ್ಕೆ ಸಂಬಂಧಿಸಿದ ಪರ್ಮಿಟ್‌ಗಳನ್ನು ಒಟ್ಟಿಗೇ ತೂಗುಹಾಕಿ, ಒಂದರ ಮೇಲೆ ಇನ್ನೊಂದರ ಸಂಖ್ಯೆ ಬರೆಯಿರಿ ಎಂದು ನಾನು ಒತ್ತಾಯಿಸುತ್ತೇನೆ. ಬಿಚ್ಚಿದ ಯಂತ್ರದ ಸ್ವಿಚ್ಚಿಗೆ ಕೆಲಸ ಮಾಡುವವನ ಸ್ವಂತ ಬೀಗ ಬೀಳಬೇಕು, ಅದರ ಕೀಲಿ ಆತನ ಜೇಬಿನಲ್ಲೇ ಇರಬೇಕು. ‘ನಡೆಸಬೇಡಿ’ ಎಂಬ ಚೀಟಿಯನ್ನು ನಂಬಿಕೊಂಡು ಯಂತ್ರದೊಳಗೆ ಕೈ ಹಾಕುವುದನ್ನು ನಾನು ಎಂದೂ ಒಪ್ಪಿಲ್ಲ.

ಗುತ್ತಿಗೆ ಕೆಲಸದಲ್ಲಿ ಈ ದಾಟುವಿಕೆ ಇನ್ನೂ ಜಟಿಲ. ಕೆಲಸ ಗುತ್ತಿಗೆದಾರನದು, ಜಾಗ ಕಂಪನಿಯದು, ಆಳುಗಳನ್ನು ಕಳಿಸಿದವನು ಮೂರನೆಯವನು. ಮುಚ್ಚಿದ ಟ್ಯಾಂಕಿನೊಳಗೆ ಏನಿತ್ತೆಂಬುದು ಕಂಪನಿಗೆ ಮಾತ್ರ ಗೊತ್ತು, ಒಳಗಿಳಿಯುವವನಿಗೆ ಗೊತ್ತಿಲ್ಲ. ಸಾಮಾನ್ಯ ಗಾಳಿಯಲ್ಲಿ ಆಮ್ಲಜನಕ ಸುಮಾರು 20.9 ಶೇಕಡಾ ಇರುತ್ತದೆ, 19.5ಕ್ಕಿಂತ ಕಡಿಮೆಯಾದರೆ ಇಳಿಯಬಾರದೆಂಬುದು ಹಲವೆಡೆ ಬಳಕೆಯಲ್ಲಿರುವ ಮಿತಿ. ಹೈಡ್ರೋಜನ್ ಸಲ್ಫೈಡ್ ಅನಿಲವಂತೂ ಹತ್ತು ಲಕ್ಷ ಭಾಗಕ್ಕೆ ಸುಮಾರು 100 ಭಾಗ ಮುಟ್ಟಿದರೆ ವಾಸನೆ ಹಿಡಿಯುವ ಶಕ್ತಿಯನ್ನೇ ಕೊಂದುಬಿಡುತ್ತದೆ, ಹಾಗಾಗಿ ವಾಸನೆ ಹೋಯಿತು ಎನ್ನುವುದು ಅಪಾಯ ಕಳೆಯಿತು ಎಂಬುದರ ಗುರುತಲ್ಲ. ಒಬ್ಬ ಬಿದ್ದನೆಂದು ಇನ್ನೊಬ್ಬ ಇಳಿಯುತ್ತಾನೆ, ಆತನ ಹಿಂದೆ ಮತ್ತೊಬ್ಬ. ಅಳೆಯುವ ಉಪಕರಣ ಯಾರದು, ಅಳೆಯುವವರು ಯಾರು, ಹೊರಗೆ ನಿಂತು ಕಾಯುವವರು ಯಾರು, ರಕ್ಷಣೆಗೆ ಯಾರನ್ನು ಕರೆಯಬೇಕು ಎಂಬಿಷ್ಟು ಗುತ್ತಿಗೆಯ ಕರಾರಿನಲ್ಲೇ ಹೆಸರು ಸಹಿತ ಇರಬೇಕು. “ಸುರಕ್ಷತೆಯ ಸಂಪೂರ್ಣ ಜವಾಬ್ದಾರಿ ಗುತ್ತಿಗೆದಾರರದು” ಎಂಬ ಒಂದು ಸಾಲು ಬರೆದು ಕೈ ತೊಳೆದುಕೊಳ್ಳುವ ಕರಾರುಗಳು ವಕೀಲರಿಗೆ ಸಮಾಧಾನ ಕೊಡಬಹುದೇ ಹೊರತು ಟ್ಯಾಂಕಿಗೆ ಇಳಿಯುವವನಿಗಲ್ಲ.

ಸುರಕ್ಷತೆಯ ಮಾತು ಬಂದರೆ ಹೆಲ್ಮೆಟ್, ಕೈಗವಸುಗಳ ಮಾತೇ ಮೊದಲು ಬರುವುದಕ್ಕೂ ಹೊಣೆಯ ಪ್ರಶ್ನೆಗೂ ಸಂಬಂಧವಿದೆ. ಅಪಾಯವನ್ನು ಇಲ್ಲವಾಗಿಸುವುದು, ಕಡಿಮೆ ಅಪಾಯದ ವಸ್ತು ಬಳಸುವುದು, ಗಾರ್ಡ್ ಅಥವಾ ಗಾಳಿಯ ವ್ಯವಸ್ಥೆ ಮಾಡುವುದು, ಕೆಲಸದ ಕ್ರಮ ಬದಲಿಸುವುದು, ಇವೆಲ್ಲ ಆದ ಮೇಲೆ ಕೊನೆಗೆ ಬರುವುದು ಮೈಮೇಲಿನ ರಕ್ಷಣಾ ಸಾಧನ. ಮೊದಲಿನವು ಆಡಳಿತದ ಕೆಲಸ, ಕೊನೆಯದು ಕಾರ್ಮಿಕನ ಕೆಲಸವೆಂದು ತೋರುವುದರಿಂದ, ಕೊನೆಯದರಿಂದ ಆರಂಭಿಸುವುದು ಎಲ್ಲರಿಗೂ ಸುಲಭ.

ಆರೋಗ್ಯದ ಭಾಗ ಇನ್ನೂ ಅನಾಥ. ಗಾಯ ಕಣ್ಣಿಗೆ ಕಾಣುತ್ತದೆ. ಕಿವಿ ಮಂದವಾಗುವುದು, ಶ್ವಾಸಕೋಶದಲ್ಲಿ ದೂಳು ತುಂಬುವುದು ವರ್ಷಗಟ್ಟಲೆ ನಡೆಯುವಂಥದ್ದು. ಎಂಟು ಗಂಟೆಯ ಪಾಳಿಗೆ 85 ಡೆಸಿಬಲ್ ಎಂಬುದು ಹಲವು ತಜ್ಞ ಸಂಸ್ಥೆಗಳು ಶಿಫಾರಸು ಮಾಡುವ ಮಿತಿ. 3 ಡೆಸಿಬಲ್ ಹೆಚ್ಚಾದರೆ ಶಬ್ದದ ಶಕ್ತಿ ಇಮ್ಮಡಿಯಾಗುವುದರಿಂದ, ಅದೇ ಲೆಕ್ಕದಲ್ಲಿ 88ಕ್ಕೆ ನಾಲ್ಕು ಗಂಟೆ, 91ಕ್ಕೆ ಎರಡೇ ಗಂಟೆ. ಈ ಅಳತೆಯನ್ನು ಮಾಡಿಸುವವರು, ವರ್ಷಕ್ಕೊಮ್ಮೆ ಶ್ರವಣ ಪರೀಕ್ಷೆ ಮಾಡಿಸುವವರು, ಎರಡರ ಫಲಿತಾಂಶವನ್ನೂ ಒಟ್ಟಿಗಿಟ್ಟು ನೋಡುವವರು ಯಾರೆಂದು ಕೇಳಿದರೆ, ಮಾನವ ಸಂಪನ್ಮೂಲ ವಿಭಾಗದವರು ವೈದ್ಯರತ್ತಲೂ ವೈದ್ಯರು ಸುರಕ್ಷತಾ ಅಧಿಕಾರಿಯತ್ತಲೂ ನೋಡುತ್ತಾರೆ. ವರದಿಗಳು ಕಡತದಲ್ಲಿ ಭದ್ರವಾಗಿರುತ್ತವೆ, ಯಾರೂ ಬಿಚ್ಚಿರುವುದಿಲ್ಲ.

ಅಳೆಯುವ ವಿಷಯದಲ್ಲಿಯೂ ಒಂದು ಎಚ್ಚರಿಕೆ ಬೇಕು. ‘ಅಪಘಾತವಿಲ್ಲದ ದಿನಗಳು’ ಎಂಬ ಫಲಕವನ್ನು ಗೇಟಿನಲ್ಲಿ ಹಾಕಿ, ಅದಕ್ಕೆ ಬಹುಮಾನ ಕಟ್ಟುವುದನ್ನು ನಾನು ವಿರೋಧಿಸುತ್ತೇನೆ. ಅದರಿಂದ ಗಾಯಗಳಿಗಿಂತ ಹೆಚ್ಚಾಗಿ ಗಾಯದ ವರದಿಗಳು ಕಡಿಮೆಯಾಗುತ್ತವೆ. 2010ರ ಏಪ್ರಿಲ್ 20ರಂದು ಡೀಪ್‌ವಾಟರ್ ಹೊರೈಜನ್ ಕೊರೆಯುವ ವೇದಿಕೆ ಸ್ಫೋಟಿಸಿ 11 ಮಂದಿ ಸತ್ತ ದಿನ, ಕೆಲಸ ತಪ್ಪಿಸುವಂಥ ಗಾಯವಿಲ್ಲದೆ ಏಳು ವರ್ಷ ಕಳೆದುದನ್ನು ಪ್ರಶಂಸಿಸಲು ಹಿರಿಯ ಅಧಿಕಾರಿಗಳು ಆ ವೇದಿಕೆಯಲ್ಲಿಯೇ ಇದ್ದರು. ಜಾರಿ ಬೀಳುವುದರ ಲೆಕ್ಕದಿಂದ ಸ್ಫೋಟದ ಸಾಧ್ಯತೆ ತಿಳಿಯುವುದಿಲ್ಲ. ನಾನು ಆಡಳಿತದವರಿಂದ ಪ್ರತಿ ತಿಂಗಳು ಕೇಳುವ ಅಂಕಿ ಒಂದೇ: ಗೊತ್ತಾದ ಲೋಪವೊಂದು ಸರಿಯಾಗದೆ ಎಷ್ಟು ದಿನ ಉಳಿದಿದೆ, ಮತ್ತು ಅದರ ಎದುರು ಯಾರ ಹೆಸರಿದೆ.

ಆ ಕನ್ವೇಯರ್ ಬೆಲ್ಟಿನ ಕಂಪನಿಯಲ್ಲಿ ರಿಜಿಸ್ಟರಿನ ಷರಾ ಕಾಲಂ ತೆಗೆಸಿ, ‘ಯಾರು’, ‘ಯಾವ ದಿನದೊಳಗೆ’, ‘ಅಲ್ಲಿಯವರೆಗೆ ಏನು’ ಎಂಬ ಮೂರು ಕಾಲಂ ಮಾಡಿಸಿದೆವು. ನಾಲ್ಕು ತಿಂಗಳ ನಂತರ ಹೋದಾಗ ಪುಟಗಳನ್ನು ತಿರುವಿದೆ. ಮೆಟ್ಟಿಲಿನ ಕೈಹಿಡಿ ಸಡಿಲವಾಗಿದೆ ಎಂಬ ಸಾಲಿನ ಎದುರು ಮೊದಲು ಬರೆದಿದ್ದ ಹೆಸರನ್ನು ಹೊಡೆದುಹಾಕಿ, “ರಜೆಯಲ್ಲಿದ್ದಾರೆ” ಎಂದು ಸಣ್ಣದಾಗಿ ಬರೆದು, ಪಕ್ಕದಲ್ಲಿ ಬೇರೆ ಹೆಸರು, ಬೇರೆ ಶಾಯಿಯಲ್ಲಿ. ಮೂರನೆಯ ಕಾಲಂನಲ್ಲಿ “ಮೆಟ್ಟಿಲಿಗೆ ಹಗ್ಗ ಕಟ್ಟಿ ದಾರಿ ಮುಚ್ಚಿದೆ” ಎಂದಿತ್ತು. ಹೋಗಿ ನೋಡಿದೆ. ಹಗ್ಗ ಬಿಚ್ಚಿದ್ದರು, ಕೈಹಿಡಿಯ ಬೆಸುಗೆ ಇನ್ನೂ ಹೊಸದಾಗಿ ಹೊಳೆಯುತ್ತಿತ್ತು.